ತಿಪಟೂರಿನಲ್ಲಿ ಒಂದನೇ ತರಗತಿಗೆ ಶಾಲೆ: ಏನು ನೋಡಬೇಕು, ಏನು ಕೇಳಬೇಕು?

ಪ್ರಶ್ನೆ: ಯಜಮಾನರಿಗೆ ತಿಪಟೂರಿಗೆ ವರ್ಗ ಆಗಿದೆ. ಮಗಳು ಈ ವರ್ಷ ಯುಕೆಜಿ ಮುಗಿಸ್ತಾಳೆ, ಹುಟ್ಟಿದ್ದು ಜುಲೈನಲ್ಲಿ. ಜೂನ್‌ಗೆ ಆರು ತುಂಬಲು ಒಂದು ತಿಂಗಳು ಕಡಿಮೆ. ಮನೆ ನೋಡಿರುವ ಕಡೆ ಸರ್ಕಾರಿ, ಅನುದಾನಿತ, ಖಾಸಗಿ ಮೂರೂ ಹತ್ತಿರದಲ್ಲೇ ಇವೆ. ಬೋರ್ಡು, ಬಿಲ್ಡಿಂಗ್ ನೋಡಿ ಮೋಸ ಹೋಗಬಾರದು. ಹೇಗೆ ಆರಿಸೋದು? ಯಾವ ಕಾಗದ ಬೇಕು? ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಗುತ್ತಾ?

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಗುಮಾಸ್ತರು:
ಮೊದಲು ವಯಸ್ಸು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋದು ನಿಯಮ. ಜೂನ್, ಜುಲೈನಲ್ಲಿ ಹುಟ್ಟಿದ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. 2025-26ರಲ್ಲಿ ಯುಕೆಜಿ ಮುಗಿಸಿ 5 ವರ್ಷ 5 ತಿಂಗಳು ತುಂಬಿದವರಿಗೆ ಸಡಿಲಿಕೆ ಕೊಟ್ಟಿದ್ದರು. ಅದನ್ನೇ ನೆಚ್ಚಿಕೊಂಡು ಫೀಸು ಕಟ್ಟಬೇಡಿ. ನೀವು ಸೇರಿಸುವ ವರ್ಷದ ಸುತ್ತೋಲೆಯನ್ನು ಬಿಇಒ ಕಚೇರಿಯಲ್ಲಿ ಕೇಳಿ ನೋಡಿ. "ನಾವು ಅಡ್ಜಸ್ಟ್ ಮಾಡ್ತೀವಿ" ಅನ್ನುವ ಶಾಲೆಯಿಂದ ದೂರ ಇರಿ. ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ದಾಖಲಾತಿ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಹೆಸರು ಏರದಿದ್ದರೆ ಮಗು ತರಗತಿಯಲ್ಲಿ ಕೂತಿದ್ದರೂ ಲೆಕ್ಕದಲ್ಲಿ ಇರುವುದಿಲ್ಲ.

ಆರ್‌ಟಿಇ ಸೀಟಿನ ಆಸೆ ಬಿಡಿ. 2019ರಿಂದ ರಾಜ್ಯದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯ 25% ಸೀಟು ಅನ್ವಯಿಸುವುದಿಲ್ಲ. ನೆರೆಹೊರೆ ಅಂದರೆ ಪಟ್ಟಣದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮ. ಆ ಕಾಯ್ದೆಯ ಉಳಿದ ಭಾಗ ಮಾತ್ರ ನಿಮಗೆ ಬೇಕಾಗುತ್ತದೆ. ಮಗುವಿಗಾಗಲಿ ತಂದೆತಾಯಿಗಾಗಲಿ ಪ್ರವೇಶ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ (ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ), ಡೊನೇಷನ್ ಕೇಳಿದರೆ ಕೇಳಿದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ.

ನಿವೃತ್ತ ಮುಖ್ಯಶಿಕ್ಷಕಿ:
ಸರ್ಕಾರಿ ಶಾಲೆಗೆ ರಜೆಯಲ್ಲಿ ಹೋದರೆ ಏನೂ ತಿಳಿಯುವುದಿಲ್ಲ. ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಎಷ್ಟು ತರಗತಿ, ಎಷ್ಟು ಶಿಕ್ಷಕರು ಅನ್ನೋದನ್ನು ಮೊದಲು ಕೇಳಿ. ಇಬ್ಬರೇ ಶಿಕ್ಷಕರಿದ್ದು ಐದು ತರಗತಿ ಇದ್ದರೆ, ಒಬ್ಬರು ತರಬೇತಿಗೋ ಗಣತಿಗೋ ಹೋದ ದಿನ ಉಳಿದವರು ಮಕ್ಕಳನ್ನು ಕಾಯುವುದಷ್ಟೇ. ಕಾಯ್ದೆ ಪ್ರಕಾರ 1ರಿಂದ 5ರವರೆಗೆ 30 ಮಕ್ಕಳಿಗೆ ಒಬ್ಬರು. ಆದರೆ ಅನುಪಾತ ಸರಿ ಇದ್ದರೂ ತರಗತಿಗೊಬ್ಬರು ಇರಬೇಕಂತಿಲ್ಲ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಖಾಲಿ ಹುದ್ದೆ ಇದ್ದರೆ ಅತಿಥಿ ಶಿಕ್ಷಕರು ಯಾವ ತಿಂಗಳು ಬರುತ್ತಾರೆ ಅಂತಲೂ ಕೇಳಿ.

ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂತಿದ್ದರೆ ಗಾಬರಿ ಬೇಡ, ಅದು ನಲಿಕಲಿ, ಆಡುತ್ತಾ ಕಲಿಯುವ ಪದ್ಧತಿ. ಮಕ್ಕಳು "ತಟ್ಟೆ" ಅನ್ನುವ ಗುಂಪುಗಳಲ್ಲಿ ಕೂತು ಕಲಿಕಾ ಏಣಿಯ ಪ್ರಕಾರ ಹಂತಹಂತವಾಗಿ ಮುಂದೆ ಹೋಗುತ್ತಾರೆ. ನೋಡಬೇಕಾದ್ದು ನಾಲ್ಕನೇ ತರಗತಿ: ಯಾವುದಾದರೂ ಮಗುವಿಗೆ ಕನ್ನಡ ಪುಸ್ತಕದಿಂದ ಐದು ಸಾಲು ಓದಲು ಹೇಳಿಸಿ. ಎರಡು ನೋಟ್‌ಬುಕ್ ತೆರೆಸಿ. ತಿದ್ದಿದ ತಾರೀಖು ಇತ್ತೀಚಿನದಾ, ಬರೀ ಟಿಕ್ ಹಾಕಿದ್ದಾರಾ, ತಪ್ಪನ್ನು ತೋರಿಸಿದ್ದಾರಾ ನೋಡಿ. ಆಮೇಲೆ ಹೆಣ್ಣುಮಕ್ಕಳ ಶೌಚಾಲಯ. ಬೀಗ ಹಾಕಿದ್ದರೆ ಅಲ್ಲಿಗೇ ನಿಮಗೆ ಉತ್ತರ ಸಿಕ್ಕಂತೆ. ನಲ್ಲಿ ತಿರುಗಿಸಿ ನೀರು ಬರುತ್ತದಾ ನೋಡಿ.

ಇನ್ನೊಂದು: ಹಿರಿಯ ಪ್ರಾಥಮಿಕ ಎಷ್ಟೋ ಕಡೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಎಲ್ಲಿ, ಎಷ್ಟು ದೂರ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಶಾಲೆಯಾದರೆ ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ, ಆದರೆ ಸೀಟಿಗೆ ಬೇಡಿಕೆ ಜಾಸ್ತಿ.

ಖಾಸಗಿ ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುವವರು:
ಟೀಚರಮ್ಮ ಹೇಳಿದ್ದು ಖಾಸಗಿಗೂ ಅನ್ವಯಿಸುತ್ತೆ. ಇಲ್ಲಿ ಜಾಸ್ತಿ ಎಡವೋದು ಮಾನ್ಯತೆಯಲ್ಲಿ. ಮಾನ್ಯತೆ ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ ನವೀಕರಣ ಆಗಿದೆ, ಮೂರನ್ನೂ ಪತ್ರದಲ್ಲೇ ತೋರಿಸಿ ಅನ್ನಿ. ಯುಡೈಸ್ ಕೋಡ್ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಕೇಳಿ: 11 ಅಂಕಿ, ಕರ್ನಾಟಕದ್ದು 29ರಿಂದ ಶುರು. ಗೇಟಿನ ಮೇಲೆ "ಸಿಬಿಎಸ್‌ಇ" ಅಂತ ಇದ್ದರೆ ಅಫಿಲಿಯೇಷನ್ ಸಂಖ್ಯೆ ಪಡೆದು ಸಿಬಿಎಸ್‌ಇ ಜಾಲತಾಣದಲ್ಲಿ ಹಾಕಿ ನೋಡಿ. ಇಲ್ಲಿನವು 83ರಿಂದ ಶುರುವಾಗುತ್ತವೆ. "ಸಿಬಿಎಸ್‌ಇ ಮಾದರಿ", "ಸಿಬಿಎಸ್‌ಇ ಪುಸ್ತಕ" ಅನ್ನೋದೆಲ್ಲ ಅಫಿಲಿಯೇಷನ್ ಅಲ್ಲ. ಅಲ್ಲಿ ಓದಿದ ಮಗು ಕೊನೆಗೆ ರಾಜ್ಯದ ಪರೀಕ್ಷೆಗೇ ಕೂರಬೇಕಾಗುತ್ತೆ, ಅದೂ ಅದಕ್ಕೆ ತಯಾರಿ ಇಲ್ಲದೆ.

ಫೀಸು ಕೇಳುವಾಗ "ಒಟ್ಟು ವರ್ಷಕ್ಕೆ ಎಷ್ಟು" ಅಂತಲೇ ಕೇಳಿ, ಬರೆಸಿಕೊಳ್ಳಿ. ಬೋಧನಾ ಶುಲ್ಕ 28,000 ಅಂತಿಟ್ಟುಕೊಳ್ಳಿ. ಪ್ರವೇಶ 5,000, ಪುಸ್ತಕ 4,500, ಎರಡು ಜೊತೆ ಸಮವಸ್ತ್ರ ಮತ್ತು ಶೂ 3,500, ಬಸ್ಸು ತಿಂಗಳಿಗೆ 1,200ರಂತೆ ಹತ್ತು ತಿಂಗಳು. ಆಗಲೇ 53,000 ಆಯ್ತು. ಬಸ್ಸು 10 ತಿಂಗಳಿಗಾ 12ಕ್ಕಾ, ಪ್ರತಿ ವರ್ಷ ಎಷ್ಟು ಏರಿಸ್ತಾರೆ, ಮಧ್ಯೆ ಬಿಟ್ಟರೆ ಎಷ್ಟು ವಾಪಸ್ಸು, ಇಷ್ಟನ್ನು ಕೇಳದೆ ಮುಂಗಡ ಕೊಡಬೇಡಿ. ಚೀಟಿಯಲ್ಲಿ ಬರೆದು ಸಹಿ ಇಲ್ಲದೆ ಕೊಟ್ಟರೆ ಅದು ರಸೀದಿ ಅಲ್ಲ.

ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು:
ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು ಎಲ್ಲಾ ಉಚಿತ. ಆ 53 ಸಾವಿರದ ಎದುರು ಇದನ್ನೂ ಲೆಕ್ಕ ಹಾಕಿ ಮೇಡಂ. ಇಂಗ್ಲಿಷ್ ಬೇಕಂದ್ರೆ 2019-20ರಿಂದ ಆರಿಸಿದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಇದೆ.

ನಿವೃತ್ತ ಮುಖ್ಯಶಿಕ್ಷಕಿ:
ಇದೆ, ಆದರೆ ಕೇಳಬೇಕಾದ್ದು ಬೇರೆ. ಆ ವಿಭಾಗಕ್ಕೆ ಪ್ರತ್ಯೇಕ ಶಿಕ್ಷಕರಿದ್ದಾರಾ, ಇರುವವರೇ ಎರಡೂ ಮಾಧ್ಯಮ ನೋಡಿಕೊಳ್ಳುತ್ತಾರಾ? ಮುಂದಿನ ತರಗತಿಗಳಲ್ಲೂ ಅದು ನಡೆಯುತ್ತದಾ? ಕನ್ನಡ ಮಾಧ್ಯಮದಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಓದಲು ಬರೆಯಲು ಗಟ್ಟಿಯಾಗಿ ಕಲಿಸುವ ಕನ್ನಡ ತರಗತಿ, ಶಿಕ್ಷಕರಿಲ್ಲದ ಇಂಗ್ಲಿಷ್ ತರಗತಿಗಿಂತ ಎಷ್ಟೋ ಮೇಲು. ಅನುದಾನಿತಕ್ಕೂ ಇದೇ ಪ್ರಶ್ನೆ ಹಾಕಿ: ನಿವೃತ್ತರ ಜಾಗಕ್ಕೆ ಯಾರು ಬಂದಿದ್ದಾರೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ?

ಬಿಇಒ ಕಚೇರಿಯ ಗುಮಾಸ್ತರು:
ಈಗ ಕಾಗದಕ್ಕೆ ಬರ್ತೀನಿ. ಜನನ ಪ್ರಮಾಣಪತ್ರ, ಮಗುವಿನ ಮತ್ತು ತಂದೆತಾಯಿಯ ಆಧಾರ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ (ನಾಡಕಚೇರಿಯ ಆರ್‌ಡಿ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು), ಲಸಿಕೆ ಕಾರ್ಡು, ಫೋಟೊ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಆಧಾರ್ ಇಲ್ಲದಿದ್ದರೂ ಅಷ್ಟೇ. ಮಗುವಿಗೆ 5 ತುಂಬಿದ್ದರೆ ಬೆರಳಚ್ಚು, ಕಣ್ಣಿನ ಬಯೋಮೆಟ್ರಿಕ್ ಅಪ್ಡೇಟ್ ಮಾಡಿಸಿ. 5ರಿಂದ 7ರೊಳಗೆ ಶುಲ್ಕ ಇಲ್ಲ.

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಶಾಲೆಗೆ ಬರುವ ಮೊದಲು ಸೇರಿಸಿ. ಹುಟ್ಟಿದ ಒಂದು ವರ್ಷದ ನಂತರವೂ, 15 ವರ್ಷದೊಳಗೆ, ತಡ ಶುಲ್ಕ ಕಟ್ಟಿ ಸೇರಿಸಬಹುದು.

ಹೆಸರಿನ ವಿಷಯದಲ್ಲಿ ಆತುರ ಬೇಡ. ದಾಖಲಾತಿ ವಹಿಯಲ್ಲಿ ಬರೆದದ್ದೇ ಮುಂದೆ ಟಿಸಿಗೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಶಾಲೆಯಲ್ಲಿ ಮುಂದೆ ಇದ್ದರೆ ಅಪಾರ್ ಐಡಿ (ವಿದ್ಯಾರ್ಥಿಯ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆ) ಆಗುವಾಗ ಹೊಂದಾಣಿಕೆ ಆಗುವುದಿಲ್ಲ, ವಿದ್ಯಾರ್ಥಿವೇತನಕ್ಕೂ ತೊಡಕು. ಜಾತಿ ಕಾಲಂನಲ್ಲಿ ಬಾಯಿಮಾತಿನದು ಬರೆಸಬೇಡಿ, ಪ್ರಮಾಣಪತ್ರದಲ್ಲಿ ಇರುವ ಹಾಗೇ ಬರೆಸಿ. ಅರ್ಜಿ ತುಂಬಿದ ಮೇಲೆ ವಹಿಯ ಆ ಸಾಲನ್ನು ತೋರಿಸಿ ಅಂತ ಕೇಳಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ಓದಿ, ಆಮೇಲೆ ಸಹಿ ಹಾಕಿ.

ಎಸ್‌ಡಿಎಂಸಿ ಸದಸ್ಯರು:
ಯುಕೆಜಿಯಿಂದ ಬರೋರಿಗೆ ಸರ್ಕಾರಿ ಒಂದನೇ ತರಗತಿಗೆ ಟಿಸಿ ಬೇಕಿಲ್ಲ ತಾನೇ?

ಬಿಇಒ ಕಚೇರಿಯ ಗುಮಾಸ್ತರು:
ಬೇಕಿಲ್ಲ. ಆದರೆ ಹಳೇ ಶಾಲೆ ಎಲ್‌ಕೆಜಿಯಲ್ಲೇ ಎಸ್‌ಎಟಿಎಸ್‌ಗೆ ಏರಿಸಿದ್ದರೆ ಆ ಸಂಖ್ಯೆ ಬರೆದು ತನ್ನಿ. ಇಲ್ಲದಿದ್ದರೆ ಒಂದೇ ಮಗುವಿಗೆ ಎರಡು ಸಂಖ್ಯೆ ಆಗುತ್ತದೆ. ಮುಂದೆ ಮತ್ತೆ ವರ್ಗ ಆದಾಗ ಟಿಸಿಯನ್ನು ಎಸ್‌ಎಟಿಎಸ್‌ನಲ್ಲೇ ತೆಗೆಯಬೇಕು, ಹಳೇ ಶಾಲೆ ಬಿಡುಗಡೆ ಮಾಡದೆ ಹೊಸ ಶಾಲೆಗೆ ಹೆಸರು ಬರುವುದಿಲ್ಲ. ಫೀಸು ಬಾಕಿ ಅಂತ ತಡೆ ಹಿಡಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಅದರ ಪ್ರತಿಯೊಂದಿಗೆ ನಮ್ಮ ಕಚೇರಿಗೆ ಬನ್ನಿ. ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ನಿಮ್ಮನ್ನು ವಾಪಸ್ಸು ಕಳಿಸುವಂತಿಲ್ಲ.