ಅವ್ವನ 1981ರ ಬಿ.ಎ. ಕಾಗದಕ್ಕ ಧಾರವಾಡಕ್ಕ ಹೋಗಬೇಕೋ, ಕಲಬುರಗಿಗೋ?

ಕೇಳಿದವರು, ಹುಮನಾಬಾದ್:
ನಮ್ಮವ್ವ 1978ರಾಗ ಇಲ್ಲೇ ಬಿ.ಎ. ಸೇರಿ 1981ರಾಗ ಮುಗಿಸ್ಯಾಳ. ಈಗ ರಿಟೈರ್ ಆಗಿ ಮನ್ಯಾಗ ಅದಾಳ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಕನ್ನಡ ಎಂ.ಎ. ಮಾಡಬೇಕಂತಾಳ. ಮನಿ ಸೋರಿ ಕಾಗದ ಎಲ್ಲಾ ಹಾಳಾಗ್ಯಾವ. ಉಳಿದದ್ದು ಮೊದಲನೇ ವರ್ಷದ ಮಾರ್ಕ್ಸ್ ಕಾರ್ಡ್ ಒಂದೇ. ಅದರ ಮ್ಯಾಲ ‘ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ’ ಅಂತ ಅದ. ಡುಪ್ಲಿಕೇಟ್ ಎಲ್ಲಿ ಕೇಳಬೇಕು? ಅನುಭವ ಇದ್ದವರು ಹೇಳ್ರಿ.

ಕಲಬುರಗಿ, ಕಾಲೇಜು ಆಫೀಸಿನಿಂದ ನಿವೃತ್ತ:
ತಂಗೀ, ನಿಮ್ಮವ್ವ ಓದಿದ್ದು ಸರಿಯಾಗಿ ಗಡಿ ದಾಟೋ ಹೊತ್ತಿನಾಗ. 1956ರ ತನಕ ನಾವು ಹೈದರಾಬಾದ್ ರಾಜ್ಯದವರು. ಆಗ ನಮ್ಮ ಭಾಗದಾಗ ಪದವಿ ಅಂದ್ರ ಉಸ್ಮಾನಿಯಾ. 1918ರಾಗ ಉರ್ದು ಮಾಧ್ಯಮದಾಗ ಶುರುವಾದದ್ದು ಅದು. ರಾಜ್ಯ ಪುನರ್ವಿಂಗಡಣೆ ಆದ ಮ್ಯಾಲ ಧಾರವಾಡದ ಕೈಗೆ ಬಂದ್ವಿ. 1970ರಾಗ ಧಾರವಾಡದವರು ಕಲಬುರಗಿಯಾಗ ಒಂದು ಸ್ನಾತಕೋತ್ತರ ಕೇಂದ್ರ ತೆರೆದ್ರು. ಅದೇ ಬೆಳೆದು 1980ರಾಗ ಗುಲಬರ್ಗಾ ವಿಶ್ವವಿದ್ಯಾಲಯ ಆಯ್ತು. ಆಗಿನ ಗುಲಬರ್ಗಾ, ಬೀದರ್, ರಾಯಚೂರು, ಬಳ್ಳಾರಿ ನಾಲ್ಕೂ ಜಿಲ್ಲಾ ಅದರ ವ್ಯಾಪ್ತಿ. ಪರೀಕ್ಷಾಕ್ಕಂತ ಧಾರವಾಡದ ಕಡೆ ನೋಡ್ತಿದ್ದ ನಮಗ ಸೇಡಂ ರಸ್ತೆಯ ಜ್ಞಾನಗಂಗಾ ಕ್ಯಾಂಪಸ್ ಎಷ್ಟು ದೊಡ್ಡ ಮಾತಾಗಿತ್ತು ಅಂತ ಈಗಿನವರಿಗೆ ಹೇಳಿದ್ರ ತಿಳಿಯೂದಿಲ್ಲ.

ನಿಮಗ ಹೇಳೂದು ಇಷ್ಟು: ಕೊನೀ ವರ್ಷದ ಪರೀಕ್ಷಾ ನಡೆಸಿದವರು ಯಾರು ಅಂತ ಮೊದಲು ಖಾತ್ರಿ ಮಾಡ್ಕೋರಿ. ಡಿಗ್ರಿ ಕೊಡೋರು ಅವರೇ. ಇಸ್ವಿ ನೋಡಿ ಊಹಿಸಿ ಬಸ್ ಹತ್ತಬ್ಯಾಡ್ರಿ. ಓದಿದ ಕಾಲೇಜಿನಾಗ ಹಳೇ ಫಲಿತಾಂಶದ ಲೆಡ್ಜರ್ ಇರ್ತದ, ರಜಿಸ್ಟರ್ ನಂಬರ್ ಸೈತ ಅದರಾಗೇ ಸಿಗ್ತದ.

ಭಾಲ್ಕಿ, ಎಂಜಿನಿಯರ್:
ಬಿ.ಎ. ಅಲ್ಲದವರಿಗೂ ಒಂದು ಮಾತು. ನಾನು 1996ರಾಗ ಬಿ.ಇ. ಮುಗಿಸಿದೆ, ನನ್ನ ಡಿಗ್ರಿ ಗುಲಬರ್ಗಾದ್ದು. ನನ್ನ ತಮ್ಮ 1999ರಾಗ ಸೇರಿದ, ಅವನದು ಬೆಳಗಾವಿಯ ವಿಟಿಯು, ಅಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. 1998ರಾಗ ಎಂಜಿನಿಯರಿಂಗ್ ಕಾಲೇಜುಗಳು ಆ ಕಡೆ ಹೋದ್ವು. ಅದಕ್ಕೂ ಮೊದಲೇ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಆಗಿ ಮೆಡಿಕಲ್ ಕಾಲೇಜುಗಳು ಬೆಂಗಳೂರಿನ ಕಡೆ ಹೋಗಿದ್ವು.

ಯಾದಗಿರಿ:
ನಾನು ಅಪ್ಪನ ಕಾಗದಕ್ಕ ಒಂದು ವಿಶ್ವವಿದ್ಯಾಲಯಕ್ಕ ಮೂರು ಸಲ ಹೋದೆ. ಎರಡು ಸಲ ಹೋದದ್ದು ತಪ್ಪು ಕಟ್ಟಡಕ್ಕ. ಯಾರೂ ತಿಳಿಸಿ ಹೇಳಲಿಲ್ಲ, ಇಡೀ ದಿನ ಸಾಲಿನ್ಯಾಗ ನಿಂತದ್ದು ಇನ್ನೂ ಸಂಕಟ ಆಗ್ತದ. ಅದಕ್ಕ ಇದನ್ನ ತಿಳ್ಕೊಂಡು ಹೋಗ್ರಿ: ಕುಲಸಚಿವರು ಇಬ್ಬರು ಇರ್ತಾರ. ಒಬ್ಬರು ಆಡಳಿತಕ್ಕ, ಇನ್ನೊಬ್ಬರು ಮೌಲ್ಯಮಾಪನಕ್ಕ. ಮಾರ್ಕ್ಸ್ ಕಾರ್ಡ್, ಘಟಿಕೋತ್ಸವ ಪ್ರಮಾಣಪತ್ರ ಎಲ್ಲಾ ಮೌಲ್ಯಮಾಪನ ಕುಲಸಚಿವರ ವಿಭಾಗದ್ದು. ಕುಲಪತಿಗಳ ಆಫೀಸಿಗೆ ಅರ್ಜಿ ಕೊಟ್ರೂ ಅದು ತಿರುಗಿ ಅಲ್ಲಿಗೇ ಬರ್ತದ, ನಡುವ ದಿನ ಹೋಗ್ತಾವ. ನನಗ ಪೊಲೀಸ್ ಠಾಣೆಯ ಪತ್ರ, ನೋಟರಿ ಮಾಡಿಸಿದ ಅಫಿಡವಿಟ್, ಫೀ ಕಟ್ಟಿದ ರಸೀದಿ ಕೇಳಿದ್ರು. ಎಲ್ಲದರ ಜೆರಾಕ್ಸ್ ಎರಡೆರಡು ಇಟ್ಕೋರಿ.

ಬೀದರ್:
ಈಗ ನಮ್ಮ ಬೀದರ್‌ಗೇ ಬೇರೆ ವಿಶ್ವವಿದ್ಯಾಲಯ ಆಗ್ಯಾದಲ್ಲ, ಅಕ್ಕಾ, ಅದರ ಕ್ಯಾಂಪಸ್ ಇರೋ ಹಾಲಹಳ್ಳಿಯಾಗೇ ಸಿಗೂದಿಲ್ಲೇನು?

ಕಲಬುರಗಿ, ನಿವೃತ್ತ:
ಸಿಗೂದಿಲ್ಲ ತಮ್ಮಾ. ಬಳ್ಳಾರಿ, ಕೊಪ್ಪಳ 2010ರಾಗ ಬೇರೆ ಆದ್ವು. ಆಮ್ಯಾಲ ರಾಯಚೂರು, ಯಾದಗಿರಿ ಹೋದ್ವು, 2023ರಾಗ ಬೀದರ್ ಹೋಯ್ತು. ಕಾಲೇಜು ಹೊಸ ವಿಶ್ವವಿದ್ಯಾಲಯಕ್ಕ ಹೋದ್ರೂ ಹಳೇ ಬ್ಯಾಚಿನ ಡಿಗ್ರಿ ಕೊಟ್ಟವರದೇ. ಇನ್ನೊಂದು: ಊರು 2014ರಾಗ ಕಲಬುರಗಿ ಆದ್ರೂ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ಅಂತೇ ಉಳಿದದ. ಅರ್ಜಿಯಾಗ ಹಂಗೇ ಬರೀರಿ.

ಕೇಳಿದವರು:
ನಿನ್ನೆ ಅವ್ವನ್ನ ಕರಕೊಂಡು ಕಾಲೇಜಿಗೆ ಹೋದೆ. ಲೆಡ್ಜರ್ ಇತ್ತು. ಕೊನೀ ವರ್ಷದ ಪುಟದ ಮ್ಯಾಲ ‘ಗುಲಬರ್ಗಾ ವಿಶ್ವವಿದ್ಯಾಲಯ’ ಅಂತ ಇತ್ತು, ನಂಬರ್ ಬರಕೊಂಡ್ವಿ. ಅವ್ವ ತನ್ನ ಸಾಲಿನ ಮ್ಯಾಲ ಬೆರಳಿಟ್ಟು, ಕೆಳಗಿನ ಗೆಳತ್ಯಾರ ಹೆಸರು ಒಂದೊಂದೇ ಓದಿದ್ಲು. ಸೋಮವಾರ ಮುಂಜಾನೆಯ ರೈಲಿಗೆ ಕಲಬುರಗಿಗೆ ಹೊಂಟೀವಿ.