ಪ್ರಕೃತಿ ಶಿಬಿರದ ಸೀಸನ್ ಕೆಲಸ: ಅರ್ಜಿಯಲ್ಲಿ ಏನು ಬರೆಯಲಿ, ಇಂಟರ್ವ್ಯೂನಲ್ಲಿ ಏನು ಕೇಳುತ್ತಾರೆ?

ಪ್ರಶ್ನೆ: ಅಕ್ಕಾ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಬಿಎಸ್ಸಿ ಝೂವಾಲಜಿ ಮುಗಿದಿದೆ. ಅಭಯಾರಣ್ಯದಲ್ಲಿ ಶಾಲೆ ಮಕ್ಕಳಿಗೆ ಶಿಬಿರ ನಡೆಸುವ ನಾಲ್ಕು ತಿಂಗಳ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಮಲಯಾಳ ಮಾತಾಡಲು ಬರುತ್ತದೆ, ಬರೆಯುವುದು ಕಷ್ಟ. ಅನುಭವ ಏನೂ ಇಲ್ಲ. ಹೇಗೆ ತಯಾರಾಗಲಿ?

ಉತ್ತರ: ತಂಗೀ, ಆರು ಸೀಸನ್ ಈ ಕೆಲಸ ಮಾಡಿದ್ದೇನೆ, ಎರಡು ಸಲ ಇಂಟರ್ವ್ಯೂ ಮಾಡುವವರ ಜೊತೆಗೂ ಕೂತಿದ್ದೇನೆ. ಅನುಭವ ಇಲ್ಲ ಅಂತ ಬರೆಯಬೇಡಿ. ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಹೇಳಿದ್ದೀರಾ, ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿದ್ದೀರಾ, ಟ್ಯೂಷನ್ ಕೊಟ್ಟಿದ್ದೀರಾ? ಎಷ್ಟು ಮಕ್ಕಳು, ಯಾವ ವಯಸ್ಸು, ಏನು ಮಾಡಿಸಿದಿರಿ ಅಂತ ಬರೆಯಿರಿ. 'ನನಗೆ ಪ್ರಕೃತಿ ಅಂದರೆ ಇಷ್ಟ' ಅನ್ನುವ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಭಾಷೆಯನ್ನು ಮೊದಲ ಪುಟದಲ್ಲೇ ಹಾಕಿ. ಕನ್ನಡ, ತುಳು, ಮಾತಾಡುವ ಮಲಯಾಳ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಶಾಲೆಯ ಮಕ್ಕಳು ಮಲಯಾಳದಲ್ಲಿ ನಡೆಯುವ ಶಿಬಿರಕ್ಕೆ ಬಂದಾಗ ಎರಡು ದಿನ ಸುಮ್ನೆ ತಲೆಯಾಡಿಸುತ್ತಾ ಕೂರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮಾತು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದ ಕೂಡಲೇ ಅದೇ ಮಕ್ಕಳು ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾರೆ. ಹಾಗಾಗಿ ನಿಮ್ಮ ಮಲಯಾಳದ ಕೊರತೆ ದೊಡ್ಡದಲ್ಲ, ಆದರೆ ಓದಲು ಬರೆಯಲು ಕಲಿಯುತ್ತಿದ್ದೇನೆ ಅಂತ ಹೇಳಿ, ನಿಜವಾಗಿಯೂ ಕಲಿಯಿರಿ. ದಿನದ ವರದಿ ಅದರಲ್ಲೇ ಬರೆಯಬೇಕಾಗಬಹುದು.

ಇಂಟರ್ವ್ಯೂನಲ್ಲಿ ಮುಖ್ಯವಾದದ್ದು ಹತ್ತು ನಿಮಿಷದ ಪಾಠ. ನನ್ನ ಮೊದಲ ಇಂಟರ್ವ್ಯೂಗೆ ನಾನು ಸಸ್ಯಗಳ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿ ಹೋಗಿದ್ದೆ. 'ಇದನ್ನೇ ಐದನೇ ಕ್ಲಾಸಿನ ಮಗುವಿಗೆ ಹೇಳಿ' ಅಂದರು, ಮಾತೇ ಹೊರಡಲಿಲ್ಲ. ಆ ವರ್ಷ ಕೆಲಸ ಸಿಗಲಿಲ್ಲ. ಮುಂದಿನ ವರ್ಷ ಒಂದೇ ಒಂದು ಕಾಸರ್ಕದ (ಕಾಂಜಿರ ಮರದ) ಹಣ್ಣು ಹಿಡಿದುಕೊಂಡು ಹೋದೆ. ನೋಡಲು ಸಣ್ಣ ಕಿತ್ತಳೆಯ ಹಾಗೆ, ಬೀಜ ಅಂತೂ ಕಡು ವಿಷ. 'ಇದನ್ನು ಯಾರು ತಿನ್ನಬಹುದು?' ಅಂತ ಕೇಳಿದೆ. ಯಾರೂ ಇಲ್ಲ ಅಂದರು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಇದರ ತಿರುಳು ತಿನ್ನುತ್ತದೆ ಅಂದಾಗ ಎದುರು ಕೂತವರೂ ಮುಂದೆ ಬಾಗಿದರು. ನಮ್ಮ ಜಿಲ್ಲೆಯ ಮರ ಅಂತ ಘೋಷಣೆ ಆಗಿರುವುದೂ ಕಾಸರ್ಕವೇ. ಕೊನೆಗೆ ಹಣ್ಣು ಮುಟ್ಟಿದವರೆಲ್ಲ ಕೈ ತೊಳೆಯಿರಿ ಅಂದೆ. ಆ ಮಾತಿನಿಂದಲೇ ಆಯ್ಕೆಯಾದೆ ಅಂತ ಆಮೇಲೆ ಒಬ್ಬರು ಹೇಳಿದರು. ನಿಮ್ಮ ಮನೆ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಇದ್ದರೆ ಅದನ್ನೇ ವಿಷಯ ಮಾಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದೊಳಗೆ ಮಳೆ ನೀರು ಹೇಗೆ ಇಳಿಯುತ್ತದೆ, ಸುರಂಗಕ್ಕೆ ಹೇಗೆ ಜಿನುಗುತ್ತದೆ. ಒಂದು ಮುರಕಲ್ಲಿನ ತುಂಡು, ಒಂದು ಲೋಟ ನೀರು ಸಾಕು.

ಆಮೇಲೆ ಅಪಾಯದ ಪ್ರಶ್ನೆ ಬಂದೇ ಬರುತ್ತದೆ. ಮಗುವಿಗೆ ಹಾವು ಕಚ್ಚಿದರೆ? ಗಾಯ ಕೊಯ್ಯಬಾರದು, ರಕ್ತ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಅಲುಗಾಡದಂತೆ ಮಲಗಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಸಾಗಿಸಬೇಕು. ಅಷ್ಟರಲ್ಲಿ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಹೇಳಿ, ಜಾಸ್ತಿ ಜನ ಅದನ್ನೇ ಮರೆಯುತ್ತಾರೆ.

ಪ್ರಶ್ನೆ (ಇನ್ನೊಬ್ಬರು): ನನಗೆ ಡಿಗ್ರಿ ಇಲ್ಲ ಅಕ್ಕ. ಅಡಿಕೆ ತೋಟ ಇದೆ, ಹತ್ತು ವರ್ಷದಿಂದ ಹಕ್ಕಿ ನೋಡುತ್ತೇನೆ. ನಮಗೆ ದಾರಿ ಇದೆಯಾ?

ಉತ್ತರ: ಇದೆ ಅಣ್ಣ. ಡಿಗ್ರಿ ಬೇಕೇಬೇಕು ಅನ್ನುವ ಹುದ್ದೆ ಬಿಡಿ. ನಮ್ಮ ಜಿಲ್ಲೆಯ ರಾಣಿಪುರಂ ಬೆಟ್ಟದಲ್ಲಿ ಚಾರಣ ನೋಡಿಕೊಳ್ಳುವುದು ಅಲ್ಲಿನ ವನ ಸಂರಕ್ಷಣಾ ಸಮಿತಿ, ಅಂಥ ಕಡೆ ಊರಿನವರ ತಿಳಿವಳಿಕೆಗೆ ಬೆಲೆ ಇದೆ. ನೋಡಿದ ಹಕ್ಕಿಗಳನ್ನು ಇ-ಬರ್ಡ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣದಲ್ಲಿ ದಾಖಲಿಸಿ, ಆ ಪಟ್ಟಿಯೇ ನಿಮ್ಮ ಸರ್ಟಿಫಿಕೇಟ್. 2015ರಿಂದ 2020ರವರೆಗೆ ಕೇರಳದ ಬರ್ಡ್ ಅಟ್ಲಾಸ್‌ಗೆ (ಯಾವ ಹಕ್ಕಿ ಎಲ್ಲೆಲ್ಲಿದೆ ಅಂತ ತೋರಿಸುವ ನಕ್ಷೆಗೆ) ಕಾಡುಮೇಡು ಸುತ್ತಿ ಹಕ್ಕಿ ಎಣಿಸಿದವರಲ್ಲಿ ನಿಮ್ಮಂಥ ಹವ್ಯಾಸಿಗಳೇ ತುಂಬಾ ಜನ.

ಪ್ರಶ್ನೆ (ಮೊದಲಿನವರು): ಸಂಬಳ ಕೇಳಬಹುದಾ ಅಕ್ಕ? ಒರಟಾಗಿ ಕಾಣುವುದಿಲ್ವಾ?

ಉತ್ತರ: ಕೇಳಲೇಬೇಕು. ದಿನಗೂಲಿಯೋ ತಿಂಗಳಿಗೋ, ಊಟ ವಸತಿ ಇದೆಯಾ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆಯಾ, ಇನ್ಶೂರೆನ್ಸ್ ಯಾರದ್ದು, ಮಳೆಯಿಂದ ಶಿಬಿರ ರದ್ದಾದ ದಿನಕ್ಕೆ ದುಡ್ಡು ಸಿಗುತ್ತದಾ. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೊನೆಯಲ್ಲಿ 'ನಿಮಗೇನಾದರೂ ಕೇಳಲಿಕ್ಕಿದೆಯಾ' ಅಂದಾಗ ಚೀಟಿ ತೆಗೆಯಿರಿ.