ಇಂಜಿನ್ ಎಣ್ಣೆಯ ಒತ್ತಡ ತೋರಿಸುವ ಗೇಜಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಅದು ಮೂರು ಪದ ಆಯಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ತೋಟದ ಕೆಲಸಕ್ಕೆ ಒಂದು ಹಳೇ ಡೀಸೆಲ್ ಜೀಪು ಇದೆ. ಕಳೆದ ಮಳೆಗಾಲದಲ್ಲಿ ಅದರ ಬೇರಿಂಗುಗಳು ಹೋದವು. ಆಯಿಲ್ ಒತ್ತಡ ಬಿದ್ದರೆ ಹತ್ತಬೇಕಾದ ಕೆಂಪು ದೀಪ ಮುಂದೆಯೇ ಇತ್ತು, ಆದರೆ ಅದರ ಬಲ್ಬು ಯಾವಾಗಲೋ ಸುಟ್ಟುಹೋಗಿತ್ತು. ದೀಪ ಹತ್ತಲಿಲ್ಲ, ಎಲ್ಲ ಸರಿಯಾಗಿದೆ ಅಂದುಕೊಂಡು ನಾವು ಓಡಿಸುತ್ತಲೇ ಇದ್ದೆವು. ಇಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ, ಒತ್ತಡ ಎಷ್ಟಿದೆ ಅಂತ ಅಂಕಿಯಲ್ಲೇ ತೋರಿಸುವ ಗೇಜ್ ಹಾಕಿಸಿದೆ.

ಅಕ್ಕಪಕ್ಕದ ತೋಟಗಳಲ್ಲೂ ಇಂಥ ಗಾಡಿಗಳು ಬೇಕಾದಷ್ಟಿವೆ. ಪ್ಯೂಜೋದ 2112 ಸಿಸಿ ಡೀಸೆಲ್ ಇಂಜಿನ್ ಇರುವ ಎಂಎಂ 540 ಜೀಪುಗಳು ಇಂದಿಗೂ ಗೊಬ್ಬರ, ಕಾಫಿ ಚೀಲ ಹೊತ್ತು ಓಡುತ್ತಿವೆ. ಎಲ್ಲರ ಡ್ರೈವರುಗಳಿಗೂ ಉಪಯೋಗಕ್ಕೆ ಬರಲಿ ಅಂತ, ಗೇಜ್ ಹಾಕುವುದು ಹೇಗೆ, ನೋಡುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ 'ಎಣ್ಣೆ ಒತ್ತಡ ಮಾಪಕ' ಅಂತ ಹಾಕಿದೆ. ನಮ್ಮ ಡ್ರೈವರ್ ಅದನ್ನು ಓದಿ, "ಅಣ್ಣಾ, ಡೀಸೆಲ್ ಮುಳ್ಳು ಮೊದಲೇ ಇದೆಯಲ್ಲ, ಇನ್ನೊಂದು ಯಾಕೆ?" ಅಂದರು.

ಇಪ್ಪತ್ತು ವರ್ಷ ಜೀಪು ಓಡಿಸಿದ ಮನುಷ್ಯ. ತಪ್ಪು ಅವರದ್ದಲ್ಲ, ನನ್ನ ಪದದ್ದು. ಯಾಕೆ ಅಂತ ಯೋಚಿಸಿದೆ.

ಮೊದಲು 'ಎಣ್ಣೆ'. ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಎಣ್ಣೆ ಆಯಿತು. ಬೆಳ್ಳಗಿನ ನೆಯ್ ಬೆಣ್ಣೆ ಆದ ಹಾಗೆಯೇ. ಸಂಸ್ಕೃತದ ತೈಲವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದಿದ್ದು. ಹಾಗಾಗಿ 'ತೈಲ ಒತ್ತಡ' ಅಂತ ಬದಲಾಯಿಸಿದರೂ ತೊಡಕು ಬಿಡಿಸಿದಂತಾಗಲ್ಲ. ಎಳ್ಳಿನಿಂದ ಹೊರಟ ಪದ ಇವತ್ತು ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎಲ್ಲವನ್ನೂ ಹೊತ್ತಿದೆ. ಹಳ್ಳಿ ಕಡೆ 'ಗಾಡಿಗೆ ಎಣ್ಣೆ ಹಾಕಿಸು' ಅಂದರೆ ಡೀಸೆಲ್ಲೋ ಪೆಟ್ರೋಲೋ ಹಾಕಿಸು ಅಂತಲೇ ಅರ್ಥ. ಡ್ರೈವರ್ ಅಣ್ಣ ಡೀಸೆಲ್ ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇದಕ್ಕೆ ನಮ್ಮಲ್ಲೇ ಒಂದು ಒಳ್ಳೇ ಪದ ಇದೆ: ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆ. ನಮ್ಮಜ್ಜನ ಗಾಡಿಯಲ್ಲಿ ಬಿದಿರಿನ ಗೊಟ್ಟದಲ್ಲಿ ಕಪ್ಪಗೆ ಇರುತ್ತಿದ್ದದ್ದು ನನಗೆ ನೆನಪಿದೆ. ಉಜ್ಜಾಡುವ ಭಾಗಗಳು ಸವೆಯದ ಹಾಗೆ ನೋಡಿಕೊಳ್ಳುವ ಎಣ್ಣೆ ಅನ್ನುವ ಅರ್ಥ ಪದದೊಳಗೇ ಇದೆ, ಅಲ್ವಾ? ನನಗೆ ತುಂಬಾ ಇಷ್ಟವಾದ ಪದ. ಆದರೆ ತೋಟದಲ್ಲಿ ನಾಲ್ಕೈದು ಜನರನ್ನು ಕೇಳಿದೆ. ವಯಸ್ಸಾದವರು 'ಗ್ರೀಸ್ ಥರದ್ದಾ?' ಅಂದರು. ಹುಡುಗರಿಗೆ ಪದವೇ ಗೊತ್ತಿಲ್ಲ.

ಆದರೆ ಗ್ಯಾರೇಜಿನಲ್ಲಿ 'ಆಯಿಲ್' ಅಂದರೆ ಯಾರಿಗೂ ಅನುಮಾನ ಬರಲ್ಲ. 'ಆಯಿಲ್ ಚೇಂಜ್ ಮಾಡಿ ಎಷ್ಟು ದಿನ ಆಯ್ತು?' ಅಂದರೆ ಇಂಜಿನ್ ಒಳಗೆ ಸುತ್ತುವ ಎಣ್ಣೆ ಮಾತ್ರ. ಡೀಸೆಲ್ ಡೀಸೆಲ್ಲೇ, ಆಯಿಲ್ ಆಯಿಲ್ಲೇ. ಹೊರಗಿನಿಂದ ಬಂದ ಪದ ಇಲ್ಲಿ ಎಣ್ಣೆಗಿಂತ ಚೊಕ್ಕವಾಗಿ ಕೆಲಸ ಮಾಡುತ್ತಿದೆ. ಅದನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ.

ಈಗ 'ಒತ್ತಡ'. ಇದರ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ. ಟೈರಿನ ವಿಷಯಕ್ಕೆ ನಾವು ಒತ್ತಡ ಅನ್ನುವುದೇ ಇಲ್ಲ. 'ಗಾಳಿ ಎಷ್ಟು?' 'ಮೂವತ್ತು.' 'ಗಾಳಿ ಕಮ್ಮಿ ಇದೆ, ಹಾಕು.' ವಸ್ತುವಿನ ಹೆಸರು ಹೇಳಿದರೆ ಸಾಕು, ಒತ್ತಡ ಅದರಲ್ಲೇ ಬಂತು. ಅದು ಸರಿಯೂ ಹೌದು. ಟೈರು ಮುಚ್ಚಿದ ಚೀಲ, ಒಳಗೆ ಗಾಳಿ ಕಮ್ಮಿಯಾದರೆ ಒತ್ತಡವೂ ಕಮ್ಮಿ.

ಇದೇ ಮಾತನ್ನು ಇಂಜಿನ್ನಿಗೆ ಹೇಳಿ ನೋಡಿ. 'ಆಯಿಲ್ ಕಮ್ಮಿ ಇದೆ' ಅಂದರೆ ಅದು ಬೇರೆಯೇ ಮಾತು. ಡ್ರೈವರ್ ಬಾನೆಟ್ ಎತ್ತಿ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ತೆಗೆದು ನೋಡುತ್ತಾರೆ, ಗೆರೆ ತನಕ ಎಣ್ಣೆ ಇರುತ್ತದೆ, 'ಸರಿ ಇದೆಯಲ್ಲ' ಅನ್ನುತ್ತಾರೆ. ನಮ್ಮ ಜೀಪಿನಲ್ಲಿ ಆಗಿದ್ದೂ ಇದೇ. ಎಣ್ಣೆ ಭರ್ತಿ ಇತ್ತು, ಒತ್ತಡ ಇರಲಿಲ್ಲ. ಪಂಪು ಎಣ್ಣೆಯನ್ನು ತಳ್ಳುತ್ತದೆ ಅಷ್ಟೇ. ಬೇರಿಂಗುಗಳ ಸಣ್ಣ ಸಂದಿನಲ್ಲಿ ಅದು ನುಸುಳಬೇಕಾದಾಗ ಎದುರಾಗುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಬೇರಿಂಗ್ ಸವೆದು ಸಂದು ದೊಡ್ಡದಾದರೆ ಎಣ್ಣೆ ಸಲೀಸಾಗಿ ಹರಿದುಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ.

ತೋಟದವರಿಗೆ ಇದನ್ನು ಹೇಳಲು ನನಗೆ ಸಿಕ್ಕ ಒಳ್ಳೇ ಹೋಲಿಕೆ ಸ್ಪ್ರಿಂಕ್ಲರ್. ಫೆಬ್ರವರಿ, ಮಾರ್ಚಿನಲ್ಲಿ ಹೂ ಬರಿಸಲು ನೀರು ಹಾರಿಸುತ್ತೇವಲ್ಲ, ಕೆರೆ ತುಂಬಾ ನೀರಿದ್ದರೂ ಪೈಪಿನ ಜಾಯಿಂಟು ಸೋರಿದರೆ ಜೆಟ್ ಹಾರಲ್ಲ. ಆಗ ಆಳುಗಳೇ 'ಪ್ರೆಶರ್ ಇಲ್ಲ' ಅಂತ ಕೂಗುತ್ತಾರೆ. ಅವರಿಗೆ ಪ್ರೆಶರ್ ಪಕ್ಕಾ ಗೊತ್ತು. ಒತ್ತಡ ಅಂದರೆ ಅವರಿಗೆ ಮೊದಲು ನೆನಪಾಗುವುದು ಕೆಲಸದ ಒತ್ತಡ, ಮನಸ್ಸಿನ ಒತ್ತಡ. ಆದರೂ ಶಾಲೆಯ ವಿಜ್ಞಾನದಲ್ಲಿ, ರಕ್ತದೊತ್ತಡದಲ್ಲಿ ಈ ಪದ ಬೇರೂರಿದೆ. ಹಾಗಾಗಿ ಒತ್ತಡವನ್ನು ಉಳಿಸಿಕೊಂಡು, ಒಂದು ಸಲ ಪ್ರೆಶರ್ ಜೊತೆ ಸೇರಿಸಿ ಬರೆಯಬಹುದು ಅನಿಸುತ್ತದೆ.

ಮೂರನೆಯದು 'ಮಾಪಕ'. ಇದನ್ನು ಡ್ರೈವರ್ ಅಣ್ಣನೇ ಬಿಡಿಸಿಕೊಟ್ಟರು. ಅವರ ಬಾಯಲ್ಲಿ ಬಂದಿದ್ದು 'ಡೀಸೆಲ್ ಮುಳ್ಳು'. ಗಡಿಯಾರಕ್ಕೆ ಮುಳ್ಳಿದೆ, ತಕ್ಕಡಿಗೆ ಮುಳ್ಳಿದೆ. ಮಾಪಕ ಪುಸ್ತಕದಿಂದ ಇಳಿದು ಬಂದ ಪದ, ಮುಳ್ಳು ಕಣ್ಣೆದುರು ಅಲ್ಲಾಡುವ ಪದ. ಹಳೇ ರೀತಿಯ ಗೇಜಿನಲ್ಲಂತೂ ಎಣ್ಣೆಯೇ ಸಣ್ಣ ಕೊಳವೆಯಲ್ಲಿ ಗೇಜಿನ ತನಕ ಬಂದು ಮುಳ್ಳನ್ನು ತಳ್ಳುತ್ತದೆ. ಒಳಗೆ ಬಾಗಿದ ಕೊಳವೆ ಇರುತ್ತದೆ, ಒತ್ತಡ ಏರಿದರೆ ಅದು ಚೂರು ನೆಟ್ಟಗಾಗುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದಿದಾಗ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಇರುತ್ತಲ್ಲ, ಹಾಗೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ನಾನು ಹಾಕಿಸಿದ್ದು ಕೊಳವೆಯದಲ್ಲ, ವೈರಿನ ಗೇಜ್. ಹಾಕುವಾಗಲೂ ಪದದ ಕೊರತೆ ಕಾಡಿತು. ಇಂಜಿನ್ ಬ್ಲಾಕಿನಲ್ಲಿರುವ ಕೆಂಪು ದೀಪದ ಸ್ವಿಚ್ಚು ಬಿಚ್ಚಿ, ಆ ಜಾಗಕ್ಕೆ ಹಿತ್ತಾಳೆಯ ಟೀ, ಅಂದರೆ ಮೂರು ಬಾಯಿಯ ಜಾಯಿಂಟು ಹಾಕಿ, ಒಂದು ಬಾಯಿಗೆ ಹಳೇ ಸ್ವಿಚ್ಚು, ಇನ್ನೊಂದಕ್ಕೆ ಗೇಜಿನ ಸೆಂಡರ್, ಅಂದರೆ ಒತ್ತಡವನ್ನು ವೈರಿನಲ್ಲಿ ಗೇಜಿಗೆ ತಿಳಿಸುವ ಭಾಗ. ಹೀಗೆ ಮಾಡಿದರೆ ದೀಪವೂ ಉಳಿಯುತ್ತದೆ. ಮುಖ್ಯ ವಿಷಯ ತಿರುಪಿನ ಸುತ್ತು. ಪೈಪಿನ ತಿರುಪಿಗೆ ಎರಡು ಅಳತೆ ಪದ್ಧತಿಗಳಿವೆ: ಎಂಟನೇ ಒಂದು ಇಂಚಿನ ಗಾತ್ರದಲ್ಲಿ ಅಮೆರಿಕದ ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಬ್ರಿಟನ್ನಿನ ಬಿಎಸ್‌ಪಿಗೆ 28. ನೋಡಲು ಒಂದೇ. ಎರಡು ಮೂರು ತಿರುವು ಒಳಗೆ ಹೋಗಿ ಬಿಗಿಯುತ್ತದೆ, ಬಲ ಹಾಕಿದರೆ ಇಂಜಿನ್ ಬ್ಲಾಕಿನ ತೂತೇ ಹಾಳು. ಪುಟದಲ್ಲಿ ಈ ಸಾಲನ್ನು ಬರೆಯುವಾಗ 'ಥ್ರೆಡ್' ಬಿಟ್ಟು 'ಸುತ್ತು' ಅಂತ ಹಾಕಿದ್ದೇನೆ. ನಿಮ್ಮ ಕಡೆ ಬಡಗಿಗಳು, ಲೇತಿನವರು ಇದಕ್ಕೆ ಏನನ್ನುತ್ತಾರೆ, ದಯವಿಟ್ಟು ತಿಳಿಸಿ.

ಕೊನೆಯದು ಕ್ರಿಯಾಪದ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ತಣ್ಣಗಿನ ಇಂಜಿನ್ ಶುರು ಮಾಡಿದಾಗ ಎಣ್ಣೆ ಮಂದ ಇರುತ್ತದೆ, ಮುಳ್ಳು ಮೇಲಿರುತ್ತದೆ. ಬಿಸಿಯಾದಂತೆ ಎಣ್ಣೆ ತೆಳುವಾಗಿ ಮುಳ್ಳು ಕೆಳಗೆ ಬರುತ್ತದೆ. ಇದು ಸಹಜ. ಇಂಜಿನ್ ನಿಮಿಷಕ್ಕೆ ತಿರುಗುವ ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಇರಬೇಕು ಅನ್ನುವುದು ಮೆಕ್ಯಾನಿಕ್ಕುಗಳ ರೂಢಿ ಲೆಕ್ಕ. ಕೆಂಪು ದೀಪ ಹತ್ತುವುದು ಸಾಮಾನ್ಯವಾಗಿ 7 ಪಿಎಸ್‌ಐ ಆಸುಪಾಸಿನಲ್ಲಿ, ಅಷ್ಟರಲ್ಲಿ ತಡವಾಗಿರುತ್ತದೆ. ಓಡುವಾಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಹೋದರೆ ತಕ್ಷಣ ನಿಲ್ಲಿಸಬೇಕು. ಈ ಎರಡಕ್ಕೂ ನಾನು ಮೊದಲು 'ಕಡಿಮೆಯಾಗುವುದು' ಅಂತಲೇ ಬರೆದಿದ್ದೆ. ಓದಿದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಈಗ ಸಹಜವಾದದ್ದಕ್ಕೆ 'ಇಳಿಯುವುದು', ಅಪಾಯದ್ದಕ್ಕೆ 'ಬೀಳುವುದು' ಅಂತ ಬೇರೆ ಮಾಡಿದ್ದೇನೆ. ಜ್ವರ ಇಳಿಯುತ್ತದೆ, ಹೊಳೆ ಇಳಿಯುತ್ತದೆ, ಮರ ಬೀಳುತ್ತದೆ. ಕೇಳಿದವರಿಗೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ ಅನ್ನುವುದು ನನ್ನ ನಂಬಿಕೆ.

ಹಾಗಾಗಿ ಈಗಿನ ತಲೆಬರಹ 'ಇಂಜಿನ್ ಆಯಿಲ್ ಒತ್ತಡದ ಮುಳ್ಳು'. ಕೆಳಗಿನ ಸಾಲು: 'ಇಂಜಿನ್ ಬಿಸಿಯಾದಾಗ ಮುಳ್ಳು ನಿಧಾನವಾಗಿ ಇಳಿದರೆ ಹೆದರಬೇಡಿ. ಮುಳ್ಳು ಬಿದ್ದರೆ ಕೂಡಲೇ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಕಡ್ಡಿ ಆಮೇಲೆ ನೋಡಿ.'

ಕೀಲೆಣ್ಣೆ ನಿಮ್ಮ ಊರಲ್ಲಿ ಇನ್ನೂ ಮಾತಿನಲ್ಲಿದೆಯಾ? ಇದ್ದರೆ ಗಟ್ಟಿ ಗ್ರೀಸಿಗೋ, ತೆಳು ಎಣ್ಣೆಗೂ ಸೇರಿಯೋ? ಇಳಿ, ಬೀಳುಗಳ ವ್ಯತ್ಯಾಸ ಉತ್ತರ ಕರ್ನಾಟಕದ, ಕರಾವಳಿಯ ಓದುಗರಿಗೂ ಹಾಗೇ ಕೇಳಿಸುತ್ತದೆಯಾ? ಈ ಪುಟವನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ ಶೆಡ್ಡಿಗೆ ಹೊಡೆಸಬೇಕು. ನಿಮ್ಮ ಉತ್ತರ ಬರುವ ತನಕ ಬರೆಸುವುದನ್ನು ತಡೆದಿದ್ದೇನೆ.